ಸ್ಕ್ರೀನ್ ಮೇಲೆ ಸೊನ್ನೆ

"ಅಕ್ಕಾ, ಬತ್ತಾವ್ರೆ!"

ಹಿಂದಿನ ಸೀಟಿನಲ್ಲಿದ್ದ ಮಂಜಮ್ಮ ನನ್ನ ಸೊಂಟವನ್ನು ಉಸಿರು ಕಟ್ಟುವಷ್ಟು ಬಿಗಿಯಾಗಿ ಹಿಡಿದಳು.

ಕನ್ನಡಿ ನೋಡಿದೆ. ಬಿಳಿ ಬೊಲೆರೊ! ಕೆರೆ ಏರಿಯ ಮೇಲೆ ಧೂಳೆಬ್ಬಿಸುತ್ತಾ ನನ್ನ ಸ್ಕೂಟರಿನ ಹಿಂದೆಯೇ ಬರುತ್ತಿತ್ತು. ಸ್ಟೀರಿಂಗ್ ಹಿಡಿದವನು ತಿಮ್ಮಯ್ಯ. ಕಾಯಿ ಪೌಡರ್ ಫ್ಯಾಕ್ಟರಿ ಮಾಲೀಕ ದಯಾನಂದ್ ಅವರ ಡ್ರೈವರ್. ಡ್ರೈವರ್ ಅನ್ನೋದು ಹೆಸರಿಗೆ ಮಾತ್ರ... ಮಿಕ್ಕ ಕೆಲಸ ತಿಪಟೂರಿಗೆಲ್ಲ ಗೊತ್ತು.

ಎಡಕ್ಕೆ ಕೆರೆ ನೀರು. ಬಲಕ್ಕೆ ಕಡಿದಾದ ಇಳಿಜಾರು, ಅದರ ಕೆಳಗೆ ತೆಂಗಿನ ತೋಟ.

"ಕಾರ್ಡ್ ಗೊಂಚಲು ಎಲ್ಲೈತೆ?" ಕೂಗಿದೆ.

"ಸೆರಗಲ್ಲಿ ಗಂಟಾಕ್ಕಂಡಿವ್ನಿ!"

"ಬಿದ್ರೂ ಸರಿ, ಅದನ್ನ ಮಾತ್ರ ಬುಡಬ್ಯಾಡ!"

ಢಣ್!

ಬೊಲೆರೊ ಬಂಪರ್ ನನ್ನ ನಂಬರ್ ಪ್ಲೇಟಿಗೆ ಗುದ್ದಿತು. ಸ್ಕೂಟರ್ ಓಲಾಡಿತು. ಇನ್ನೊಂದು ಗುದ್ದು ಬಿದ್ದರೆ ಇಬ್ಬರೂ ನೀರುಪಾಲು. ಹಿಂದೆಮುಂದೆ ನೋಡದೆ ಹ್ಯಾಂಡಲ್ ಬಲಕ್ಕೆ ತಿರುಗಿಸಿದೆ.

ಸ್ಕೂಟರ್ ಇಳಿಜಾರಿಗೆ ಧುಮುಕಿತು! ಕಲ್ಲು, ಕಳ್ಳಿ, ಮುಳ್ಳು... ಮಂಜಮ್ಮ ಕಿರುಚಿದ್ದರಲ್ಲಿ ಅರ್ಧ ದೇವರ ಹೆಸರು, ಅರ್ಧ ನನಗೆ ಬೈಗುಳ. ತೋಟದ ಬದುವಿಗೆ ಬಡಿದು ಸ್ಕೂಟರ್ ನಿಂತಿತು. ಅದು ಹೇಗೋ ನಾವೂ ಅದರ ಮೇಲೆಯೇ ಇದ್ದೆವು.

ಏರಿ ಮೇಲೆ ತಿಮ್ಮಯ್ಯ ಬಾಗಿಲು ತೆಗೆದು ಇಳಿದ.

"ಲೇ ವನಜಾಕ್ಷಿ! ಸಾವ್ಕಾರ್ರು ನಿಂಗೇ ಕೆಲ್ಸ ಕೊಟ್ಟಿರದು ಕಣೇ! ಗೊಂಚಲು ಮಡಗಿ ಓಗು!"

"ಇಳಿದು ಬಂದು ಈಸ್ಕೊಳ್ಳೋ, ಗಂಡಸಾಗಿದ್ರೆ!"

ಅವನು ಇಳಿಯಲಿಲ್ಲ. ಮಚ್ಚು ಎಸೆದ. ನನ್ನ ಕಿವಿ ಪಕ್ಕದಲ್ಲೇ ಹಾದು ತೆಂಗಿನ ಮರಕ್ಕೆ ಕಚ್ಚಿಕೊಂಡಿತು. ಕಿತ್ತು ನೋಡಿದೆ. ಒಳ್ಳೆ ಮಚ್ಚು. ಸ್ಕೂಟರಿನ ಸೀಟಿನ ಕೆಳಗೆ ಹಾಕಿಕೊಂಡೆ.

ಸಾರ್, ನೀವು ಕಾಫಿ ಕುಡೀರಿ, ಆರಿಹೋಗುತ್ತೆ. ಮೊದಲಿಂದ ಹೇಳ್ತೀನಿ. ನೀವು ಬಂದ ಕೆಲಸಕ್ಕೂ ಇದಕ್ಕೂ ಸಂಬಂಧ ಇದೆ.

ನನ್ನ ದಂಧೆ ನಿಮಗೆ ಗೊತ್ತೇ ಇದೆ. ಮೊದಲು ಹೋಂ ಗಾರ್ಡ್ ಆಗಿದ್ದೆ. ಈಗ ಸೆಟ್ಲ್‌ಮೆಂಟ್. ನಮ್ಮ ಕಡೆ ಪೌಡರ್ ಫ್ಯಾಕ್ಟರಿಗಳಲ್ಲಿ ಲೇಬರ್ ಅಂದರೆ ಹೆಂಗಸರು. ಅವರು ಗೇಟ್ ಮುಂದೆ ಕೂತಾಗ ಗಂಡಸರನ್ನು ಕಳಿಸಿದರೆ ಕೇಸಾಗುತ್ತೆ, ನನ್ನನ್ನು ಕಳಿಸಿದರೆ ಮಾತಾಗುತ್ತೆ. ಅಷ್ಟೇ ವ್ಯತ್ಯಾಸ.

ಅವತ್ತು ಮಧ್ಯಾಹ್ನ ದಯಾನಂದ್ ಫೋನ್ ಮಾಡಿದರು.

"ವನಜಾಕ್ಷಿ, ಫ್ಯಾಕ್ಟರಿಯಲ್ಲಿ ಬೆಳಿಗ್ಗೆ ಬೆಂಕಿ ಬಿದ್ದಿತ್ತು."

"ಅಯ್ಯೋ! ಯಾರಿಗಾದ್ರೂ..."

"ಯಾರಿಗೂ ಏನೂ ಆಗಿಲ್ಲ. ಸಿಸ್ಟಮ್ ಎಲ್ಲಾ ನೋಡ್ಕೊಂಡಿದೆ. ಬೇರೆ ವಿಷಯ. ಮೇಸ್ತ್ರಿ ಮಂಜಮ್ಮ ಕಾರ್ಡ್ ಗೊಂಚಲು ಎತ್ಕೊಂಡು ಓಡಿಹೋಗಿದ್ದಾಳೆ. ಅವಳನ್ನ, ಗೊಂಚಲನ್ನ, ಎರಡನ್ನೂ ತಗೊಂಡು ಬಾ. ಪೊಲೀಸ್ ಗಿಲೀಸ್ ಬೇಡ."

ಹೊರಟೆ.

ಫ್ಯಾಕ್ಟರಿ ಇರೋದು ತಿಪಟೂರಿಂದ ನೊಣವಿನಕೆರೆಗೆ ಹೋಗೋ ದಾರಿಯಲ್ಲಿ. ಕಾಯಿಯ ಚಿಪ್ಪು ಬಿಡಿಸಿ, ಕಂದು ಸಿಪ್ಪೆ ಹೆರೆದು, ತೊಳೆದು, ಪುಡಿ ಮಾಡಿ, ಡ್ರೈಯರ್‌ನಲ್ಲಿ ಒಣಗಿಸಿ ಹೊರದೇಶಕ್ಕೆ ಕಳಿಸ್ತಾರೆ. ಹೋದ ವರ್ಷ ಬೆಂಗಳೂರಿಂದ ರವೀಂದ್ರ ಅಂತ ಒಬ್ಬ ಸಾಫ್ಟ್‌ವೇರ್‌ನವನು ಬಂದು ಇಡೀ ಫ್ಯಾಕ್ಟರಿಯನ್ನು ಡಿಜಿಟಲ್ ಮಾಡಿ ಹೋಗಿದ್ದ. ಹಾಜರಿಗೆ ಕಾರ್ಡ್. ಕಾಯಿ ಎಣಿಸೋಕೆ ಕ್ಯಾಮೆರಾ. ಡ್ರೈಯರ್‌ಗೆ ಸೆನ್ಸರ್. ಒಳಗೆ ಎಷ್ಟು ಜನ ಇದ್ದಾರೆ ಅನ್ನೋದಕ್ಕೆ ಗೇಟಿನ ಮೇಲೆ ಗೋಡೆಯಗಲದ ಸ್ಕ್ರೀನ್! ದಯಾನಂದ್ ಬಂದವರಿಗೆಲ್ಲ ಮೊದಲು ಅದನ್ನೇ ತೋರಿಸುತ್ತಿದ್ದರು, ಹೊಸ ಸೊಸೆಯನ್ನು ತೋರಿಸಿದ ಹಾಗೆ.

ನಾನು ಹೋದಾಗ ಗೇಟಿನ ಮುಂದೆ ಒಬ್ಬಳು ಹೆಂಗಸು ಮಣ್ಣಲ್ಲಿ ಕೂತಿದ್ದಳು. ಅತ್ತು ಅತ್ತು ಗಂಟಲು ಬಿದ್ದುಹೋಗಿತ್ತು.

"ಯಾರಮ್ಮ ನೀನು?"

"ಚಿಕ್ಕಗೌರಮ್ಮ ಕಣವ್ವ. ನನ್ ತಂಗಿ ಹುಚ್ಚಕ್ಕ ಬೆಳಿಗ್ಗೆ ಕೆಲ್ಸುಕ್ ಬಂದೋಳು ಈಚ್ಗೇ ಬಂದಿಲ್ಲ. ಒಳ್ಗೆ ಅವ್ಳೆ. ಬಾಗ್ಲು ತಗೀರಿ ಅಂದ್ರೆ ತಗೀತಿಲ್ಲ..."

ಮ್ಯಾನೇಜರ್ ಯೋಗೀಶ್ ಓಡಿಬಂದ. ಕೈಯಲ್ಲಿ ಟ್ಯಾಬ್.

"ನೋಡ್ರೀ ಮೇಡಂ, ಹುಚ್ಚಕ್ಕ... ಬೆಳಿಗ್ಗೆ ಇನ್, ಬೆಲ್ ಹೊಡೆದ ಮೇಲೆ ಔಟ್. ಹಸಿರು ಬಂದಿದೆ ನೋಡಿ. ಫೈರ್ ಎಂಜಿನ್‌ನವರಿಗೂ ಇದನ್ನೇ ತೋರಿಸಿದ್ದು. ಹೆದರ್ಕೊಂಡು ಎಲ್ಲೋ ಹೋಗಿರ್ತಾಳೆ ಕಣ್ರೀ."

ತಲೆ ಎತ್ತಿ ನೋಡಿದೆ. ಸ್ಕ್ರೀನ್ ಮೇಲೆ ದೊಡ್ಡ ಸೊನ್ನೆ.

ನಾನೂ ನಂಬಿದೆ. ಅಷ್ಟು ದೊಡ್ಡ ಸೊನ್ನೆ, ಪಳಪಳ ಹೊಳೆಯುತ್ತಿದೆ... ನಂಬದೆ ಏನು ಮಾಡ್ತೀರಿ? ಚಿಕ್ಕಗೌರಮ್ಮನಿಗೆ ನೀರು ಕುಡಿಸಿ, "ನಿನ್ನ ತಂಗಿ ಸಿಗ್ತಾಳೆ ಬುಡು" ಅಂತ ಹೇಳಿ ಗಾಡಿ ಸ್ಟಾರ್ಟ್ ಮಾಡಿದೆ.

ಮಂಜಮ್ಮನ ತವರು ಮಾಯಸಂದ್ರದ ಹತ್ತಿರ. ಹೆದರಿದ ಹೆಂಗಸು ಇನ್ನೆಲ್ಲಿಗೆ ಹೋಗ್ತಾಳೆ? ತುರುವೇಕೆರೆ ದಾಟಿ ಹೋದೆ. ದನದ ಕೊಟ್ಟಿಗೆಯಲ್ಲಿ ಬಾನಿಯ ಹಿಂದೆ ಮುದುರಿಕೊಂಡು ಕೂತಿದ್ದಳು. ನನ್ನನ್ನು ನೋಡಿದ್ದೇ ಕೈ ಮುಗಿದಳು.

"ಓಡಬ್ಯಾಡ. ನಾನು ಹೊಡೆಯಾಕೆ ಬಂದಿಲ್ಲ. ಗೊಂಚಲು ಕೊಡು."

"ತಗಳಿ. ಆದ್ರೆ ಹುಚ್ಚಕ್ಕುನ್ ತಗೀರಿ ಅಕ್ಕ! ಅವ್ಳು ಒಳ್ಗೇ ಅವ್ಳೆ!"

"ಯಾವ ಒಳಗೆ? ಅವಳು ಔಟ್ ಆಗವ್ಳಲ್ಲ?"

"ಅವ್ಳು ಆಗಿಲ್ಲ ಕಣಕ್ಕ... ನಾನ್ ಮಾಡ್ದೆ!"

ಗೊಂಚಲು ನನ್ನ ಮುಂದೆ ಹಿಡಿದಳು. ನಾರಿನ ಹುರಿಗೆ ಪೋಣಿಸಿದ ಕಾರ್ಡುಗಳು. ತಂಡದ ಅಷ್ಟೂ ಹೆಂಗಸರದ್ದು.

ಆಗ ಗೊತ್ತಾಯ್ತು ಸಾರ್, ವಿಷಯ ಏನು ಅಂತ. ಫುಡ್ ಸೇಫ್ಟಿ ರೂಲ್ ಪ್ರಕಾರ ಕಾಯಿ ಹೆರೆಯೋ ಹಾಲ್ ಒಳಗೆ ಕತ್ತಿನಲ್ಲಿ ಏನೂ ನೇತಾಡಬಾರದು. ತಾಳಿಯನ್ನೂ ಬ್ಲೌಸ್ ಒಳಗೆ ಹಾಕಿ ಪಿನ್ ಹೊಡೀಬೇಕು. ಮೇಲೆ ಹಾಕಿಕೊಳ್ಳೋ ಕೋಟಿಗೆ ಜೇಬೇ ಇಲ್ಲ. ಕಾರ್ಡ್ ಎಲ್ಲಿ ಇಟ್ಟುಕೊಳ್ತಾರೆ? ಮೇಸ್ತ್ರಿ ಕೈಗೆ ಕೊಡ್ತಾರೆ. ಮೇಸ್ತ್ರಿ ಹುರಿಗೆ ಪೋಣಿಸಿ ಗೇಟಿನ ಮೊಳೆಗೆ ನೇತುಹಾಕ್ತಾಳೆ. ಬೆಳಿಗ್ಗೆ ಎಲ್ಲರದ್ದೂ ಅವಳೇ ಗೇಟಿನ ಮಿಷಿನ್‌ಗೆ ತೋರಿಸ್ತಾಳೆ, ಸಂಜೆಯೂ ಅವಳೇ. ಯೋಗೀಶ್‌ಗೆ ಗೊತ್ತಿತ್ತು. ಲೈನ್ ನಿಲ್ಲದೆ ಬೇಗ ಬೇಗ ಆಗುತ್ತಲ್ಲ ಅಂತ ಸುಮ್ಮನಿದ್ದ.

"ಬೆಂಕಿ ಡ್ರಿಲ್ಲು ಅಂತ ಮಾಡುಸ್ತಿದ್ರು ಅಕ್ಕ. ಬೆಲ್ ಒಡದ್ ತಕ್ಷಣ ಸ್ಕ್ರೀನು ಸೊನ್ನೆ ಮಾಡ್ಬೇಕು. ಯಾವ್ ತಂಡ ಬೇಗ ಮಾಡ್ತದೋ ಅವ್ರುಗೆ ಸ್ಟೀಲ್ ಡಬ್ಬಿ. ಪ್ರತಿ ಸಲ ನಾನೇ ಗೆಲ್ತಿದ್ದೆ..."

"ಇವತ್ತೂ ಹಂಗೇ ಮಾಡಿದ್ಯಾ?"

"ಹೊಗೆ ನೋಡ್ದೇಟ್ಗೆ ಕೈ ತಾನಾಗೇ ಗೊಂಚಲಿಗೆ ಓಯ್ತು. ಟಿಣ್ ಟಿಣ್ ಅಂತ ಎಲ್ಲಾ ಹಸುರು ಬಂತು. ಆಮ್ಯಾಕೆ ತಲೆ ಎಣಿಸ್ತೀನಿ... ಒಂದು ಕಮ್ಮಿ! ತಿರುಗಿ ನೋಡ್ತೀನಿ... ಬಾಗ್ಲು ಇಳೀತಾ ಐತೆ!"

ಆ ಬಾಗಿಲೇ ರವೀಂದ್ರನ ಜಂಬ. ಹೆರೆಯೋದು, ತೊಳೆಯೋದು, ಒಣಗಿಸೋದು ಎಲ್ಲಾ ನಡೆಯೋ ಆ ಹಾಲ್‌ಗೆ ಉಕ್ಕಿನ ರೋಲಿಂಗ್ ಶಟರ್. ಬೆಂಕಿ ಬಿದ್ದು ಒಳಗಿನ ಲೆಕ್ಕ ಸೊನ್ನೆ ಆದರೆ ತಾನಾಗೇ ಇಳಿಯುತ್ತೆ. ಗಾಳಿ ಬಂದ್. ಬೆಂಕಿ ಉಸಿರುಗಟ್ಟಿ ಸಾಯುತ್ತೆ.

ಬೆಂಕಿ ಒಂದೇ ಅಲ್ಲ ಸಾರ್, ಉಸಿರಾಡೋದು.

"ಯೋಗೀಶಂಗೆ ಹೇಳಲಿಲ್ವಾ?"

"ಕಾಲು ಹಿಡ್ಕಂಡೆ! ಸುಮ್ಕಿರು, ಸಾವ್ಕಾರ್ರನ್ನ ಕೇಳ್ತೀನಿ ಅಂದ. ಫೋನ್ ಮಾಡ್ದ. ಆಮ್ಯಾಕೆ ನನ್ ಮಕ ನೋಡ್ಲೇ ಇಲ್ಲ. ತಿಮ್ಮಯ್ಯ ಗೊಂಚಲು ಕೊಡು ಅಂತ ಬಂದ. ಹುಚ್ಚಕ್ಕ ಒಳ್ಗವ್ಳೆ ಅನ್ನಾಕೆ ಅದೊಂದೇ ಸಾಕ್ಷಿ ಅಂತ ಎತ್ಕಂಡು ಓಡ್ದೆ."

"ಹುಚ್ಚಕ್ಕ ಎಲ್ಲಿದ್ಲು ಆಗ?"

"ಕಾಯಿ ತೊಳ್ಯೋ ತೊಟ್ಟಿ ತಾವ. ನೀರೈತೆ ಅಲ್ಲಿ... ಬದುಕಿರ್ಬೋದು ಅಲ್ವ ಅಕ್ಕ?"

"ಒಳಗಡೆಯಿಂದ ಬಾಗಿಲು ತೆಗೆಯೋಕೆ ಆಗಲ್ವಾ?"

"ಆಯ್ತದೆ. ಒಳ್ಗೂ ಒಂದು ಮಿಷಿನ್ ಐತೆ. ಕಾರ್ಡ್ ತೋರ್ಸಿದ್ರೆ ತಗೀತದೆ."

ಇಬ್ಬರೂ ಗೊಂಚಲು ನೋಡಿದೆವು.

ಹುಚ್ಚಕ್ಕನ ಕಾರ್ಡ್ ನಡುವಲ್ಲಿತ್ತು. ಫೋಟೋದಲ್ಲಿ ಕಣ್ಣು ಮುಚ್ಚಿದ್ದಳು. ಇನ್ನೊಂದು ಸಲ ತೆಗೀರಿ ಅಂತ ಕೇಳಿದ್ದಕ್ಕೆ, ಸಿಸ್ಟಮ್ ಇದನ್ನೇ ತಗೊಂಡಾಯ್ತು ಅಂದನಂತೆ ಯೋಗೀಶ್.

ದಯಾನಂದ್‌ಗೆ ಫೋನ್ ಹಚ್ಚಿದೆ.

"ಸಾವ್ಕಾರ್ರೇ, ಹಾಲ್ ಒಳಗೆ ಒಬ್ಬ ಹೆಂಗಸು ಇದ್ದಾಳೆ. ಶಟರ್ ಎತ್ತಿಸಿ!"

ಅತ್ತ ಅವರು ಯಾರಿಗೋ ಗೇಟ್ ತೊಳೆಸು ಅಂತ ಹೇಳುತ್ತಿದ್ದರು.

"ಕೇಳಿಸ್ತಾ? ಸಿಸ್ಟಮ್ ಆಗದಿದ್ರೆ ಜೆಸಿಬಿ ತರಿಸಿ ಒಡೆಸಿ!"

"ಗೊಂಚಲು ಸಿಕ್ತಾ?"

"ಸಿಕ್ತು! ನಾನು ಹೇಳ್ತಿರೋದು..."

"ನಾನು ನಿನಗೆ ಗೊಂಚಲು ತಾ ಅಂದೆ ವನಜಾಕ್ಷಿ. ಕತೆ ತಾ ಅನ್ನಲಿಲ್ಲ. ನಾಳೆ ಹೊರದೇಶದ ಪಾರ್ಟಿ ಫ್ಯಾಕ್ಟರಿ ನೋಡೋಕೆ ಬರ್ತಾರೆ. ಬಾಗಿಲು ಒಡೆದು ಹೆಣ ತೆಗೆದ ಫೋಟೋ ತೋರಿಸ್ಲಾ ಅವರಿಗೆ?"



ನಾನು ಹೆಂಗಸು ಅಂದಿದ್ದೆ. ಹೆಣ ಅಂದವನು ಅವನು!

"ಅಲ್ಲೇ ಇರು. ತಿಮ್ಮಯ್ಯ ಆಗಲೇ ಆ ಕಡೆ ಹೊರಟಿದ್ದಾನೆ. ಅವನ ಕೈಗೆ ಕೊಡು." ಫೋನ್ ಇಟ್ಟ.

ಅವತ್ತಿನಿಂದ ಅವನಿಗೆ ನಾನು ಬಹುವಚನ ಬಿಟ್ಟೆ.

ಫೈರ್‌ನವರಿಗೆ ಫೋನ್ ಮಾಡಿದೆ. ಅವರು ಫ್ಯಾಕ್ಟರಿಗೆ ಕೇಳಿದರಂತೆ. ಯೋಗೀಶ್ ಸ್ಕ್ರೀನಿನ ಫೋಟೋ ಕಳಿಸಿದನಂತೆ. ಸೊನ್ನೆ!

"ಮಂಜಮ್ಮ, ಗೇಟಿನ ಮಿಷಿನ್‌ಗೆ ಹುಚ್ಚಕ್ಕನ ಕಾರ್ಡ್ ಮತ್ತೆ ತೋರಿಸಿದ್ರೆ ಏನಾಗ್ತದೆ?"

ಅವಳು ಕಣ್ಣರಳಿಸಿದಳು. "ಇನ್ ಅಂತ ಬತ್ತದೆ. ಸೊನ್ನೆ ಓಗಿ ಒಂದಾಯ್ತದೆ. ಒಂದಾದ್ರೆ... ಬಾಗ್ಲು ಮ್ಯಾಕೆ ಓಯ್ತದೆ ಅಕ್ಕಾ!"

"ಗಾಡಿ ಹತ್ತು!"

ಕೆರೆ ಏರಿ, ಬೊಲೆರೊ, ಮಚ್ಚು... ಅದೆಲ್ಲ ಆಗಿದ್ದು ಆಮೇಲೆ. ಅದನ್ನು ಹೇಳಿದೆನಲ್ಲ.

ತೋಟದ ಒಳಗಿಂದಲೇ ಗಾಡಿ ಬಿಟ್ಟೆ. ಮರದ ಪಾತಿ ಬಳಸಿ, ನೀರಿನ ಕಾಲುವೆ ಹಾರಿಸಿ, ಬಿದ್ದ ಗರಿಗಳ ಮೇಲೆ ಚರಚರ ಅನ್ನಿಸಿಕೊಂಡು. ತಿಮ್ಮಯ್ಯ ಬೇರೆ ಕಡೆಯಿಂದ ಬಂದು ತೋಟದೊಳಗೇ ಬೊಲೆರೊ ನುಗ್ಗಿಸಿದ. ಗಂಡಸು ಅನ್ನಿಸಿಕೊಳ್ಳೋ ಹಟ! ಸುಲಿದ ಕಾಯಿ ಮಟ್ಟೆಯ ರಾಶಿ ಒಂದಿತ್ತು. ಅದರ ಪಕ್ಕದ ಸಂದಿಯಲ್ಲಿ ನನ್ನ ಸ್ಕೂಟರ್ ನುಸುಳಿತು. ಅವನ ಗಾಡಿ ರಾಶಿ ಹತ್ತಿ ಹೊಟ್ಟೆ ಮೇಲೆ ಕೂತುಬಿಟ್ಟಿತು. ನಾಲ್ಕೂ ಚಕ್ರ ಗಾಳಿಯಲ್ಲಿ ಸುತ್ತುತ್ತಿದ್ದವು. ಅವನು ಬೈದಿದ್ದು ತುರುವೇಕೆರೆವರೆಗೂ ಕೇಳಿಸಿರಬೇಕು.

ಆ ದಾರಿ ಇನ್ನೂ ಮರೆತಿಲ್ಲ ಸಾರ್. ಹಿಂದಿನಿಂದ ಮಂಜಮ್ಮ ಒಂದೇ ಸಮನೆ ಮಾತಾಡುತ್ತಿದ್ದಳು. ಹುಚ್ಚಕ್ಕ ಗಟ್ಟಿ ಜೀವ, ಏನೂ ಆಗಿರಲ್ಲ. ತೊಟ್ಟಿಯಲ್ಲಿ ಇಳಿದು ಕೂತಿರ್ತಾಳೆ. ಈಚೆ ಬಂದು ಮೊದಲು ನನಗೆ ಎರಡು ಬಾರಿಸ್ತಾಳೆ, ಬಾರಿಸಲಿ... ನಾನು ಹ್ಞೂಂ ಹ್ಞೂಂ ಅನ್ನುತ್ತಾ ಆಕ್ಸಿಲರೇಟರ್ ತಿರುವುತ್ತಿದ್ದೆ. ನನಗೂ ಆಸೆ ಬಂದುಬಿಟ್ಟಿತ್ತು.

ಫ್ಯಾಕ್ಟರಿ ಗೇಟ್. ಚಿಕ್ಕಗೌರಮ್ಮ ಅಲ್ಲೇ ಕೂತಿದ್ದಳು. ಮಂಜಮ್ಮ ಗಾಡಿ ನಿಲ್ಲೋ ಮೊದಲೇ ಧುಮುಕಿ, ಓಡಿ, ಹುಚ್ಚಕ್ಕನ ಕಾರ್ಡನ್ನು ಮಿಷಿನ್‌ಗೆ ಒತ್ತಿದಳು.

ಕೆಂಪು!

"ಕ್ಷಮಿಸಿ. ಈ ಕಾರ್ಡ್ ಚಾಲ್ತಿಯಲ್ಲಿಲ್ಲ." ಮಿಷಿನ್ ಒಳಗಿಂದ ಒಬ್ಬಳು ಬಹಳ ಮರ್ಯಾದೆಯಿಂದ ಹೇಳಿದಳು.

ಇನ್ನೊಮ್ಮೆ. ಕೆಂಪು. ತನ್ನ ಕಾರ್ಡ್ ಒತ್ತಿದಳು. ಕೆಂಪು. ಇನ್ನೊಬ್ಬಳದು, ಮತ್ತೊಬ್ಬಳದು... "ಕ್ಷಮಿಸಿ. ಕ್ಷಮಿಸಿ. ಕ್ಷಮಿಸಿ."

ಯೋಗೀಶ್ ಹತ್ತಿರ ಬಂದ. ನೆಲ ನೋಡಿಕೊಂಡು ಹೇಳಿದ.

"ಆ ತಂಡದ್ದು ಎಲ್ಲಾ ಬ್ಲಾಕ್ ಆಗಿದೆ ಮೇಡಂ. ಹುಚ್ಚಕ್ಕ ಅನ್ನೋರು... ಆ ಹೆಸರೇ ಈಗ ಸಿಸ್ಟಮ್‌ನಲ್ಲಿಲ್ಲ."

"ಮಧ್ಯಾಹ್ನ ನೀನೇ ತೋರಿಸಿದ್ಯಲ್ಲೋ! ಹಸಿರು ಅಂದ್ಯಲ್ಲೋ!"

"ನಾನು ಸಂಬಳದೋನು ಕಣ್ರೀ..."

ಅವನ ಹಿಂದೆ, ಗೇಟಿನ ಹೊರಗಿನ ಆಫೀಸಿನಿಂದ ದಯಾನಂದ್ ಬರುತ್ತಿದ್ದ. ಬಿಳಿ ಶರ್ಟು. ಕತ್ತಿನಲ್ಲಿ ರೇಷ್ಮೆ ಪಟ್ಟಿ, ಅದರ ತುದಿಯಲ್ಲಿ ಚಿನ್ನದ ಬಣ್ಣದ ಕಾರ್ಡು ನೇತಾಡುತ್ತಿತ್ತು. ಕತ್ತಿನಲ್ಲಿ ಏನೂ ನೇತಾಡಬಾರದು ಅನ್ನೋ ರೂಲು ಅವನಿಗಿರಲಿಲ್ಲ.

ಸೀಟು ಎತ್ತಿದೆ. ಮಚ್ಚು ತೆಗೆದೆ.

ಇಬ್ಬರು ಸೆಕ್ಯೂರಿಟಿ ಗಾರ್ಡುಗಳು ಮುಂದೆ ಬಂದವರು ಹಾಗೇ ಹಿಂದೆ ಹೋದರು. ಇಬ್ಬರಿಗೂ ಕೆಲಸ ಕೊಡಿಸಿದ್ದು ನಾನೇ.

"ವನಜಾಕ್ಷಿ, ತಲೆ ಕೆಟ್ಟಿದೆಯಾ ನಿನಗೆ? ಕೂತು ಮಾತಾಡೋಣ..."

"ಬಾ, ನಿಂತೇ ಮಾತಾಡೋಣ!"

ರೇಷ್ಮೆ ಪಟ್ಟಿಗೆ ಕೈ ಹಾಕಿ ಎಳೆದೆ. ಹಸುವಿನ ಹಗ್ಗ ಹಿಡಿದು ಎಳೆದ ಹಾಗೆ ಮಿಷಿನ್‌ವರೆಗೂ ಎಳೆದುಕೊಂಡು ಹೋದೆ. ಕಾರ್ಡ್ ಒತ್ತಿದೆ. ಅವನ ಕತ್ತು ಇನ್ನೂ ಪಟ್ಟಿಯೊಳಗೇ ಇತ್ತು.

ಟಿಣ್! ಹಸಿರು.

"ಸ್ವಾಗತ, ದಯಾನಂದ್ ಸರ್!"

ಮೇಲೆ ಸೊನ್ನೆ ಹೋಗಿ ಒಂದು ಬಂತು.

ದೂರದಲ್ಲಿ ಗರಗರ ಸದ್ದು. ಶಟರ್ ಏಳುತ್ತಿತ್ತು!

ಓಡಿದೆವು. ಕಪ್ಪು ಹೊಗೆ ಕಾಲಿನ ಮಟ್ಟದಿಂದ ಹೊರಗೆ ಹರಿಯಿತು. ಸುಟ್ಟ ಕೊಬ್ಬರಿ ವಾಸನೆ. ಅದು ಹಬ್ಬದ ಮನೆಯ ವಾಸನೆ ಸಾರ್... ಅವತ್ತಿನಿಂದ ನಾನು ಹೋಳಿಗೆ ಮುಟ್ಟಿಲ್ಲ.

"ಹುಚ್ಚಕ್ಕಾ! ತೊಟ್ಟಿ ತಾವ ನೋಡಿ ಅಕ್ಕಾ, ತೊಟ್ಟಿ ತಾವ!"

ತೊಟ್ಟಿಯ ಹತ್ತಿರ ಹೋಗಬೇಕಾಗಿರಲಿಲ್ಲ. ಅವಳು ಬಾಗಿಲ ಪಕ್ಕದಲ್ಲೇ ಇದ್ದಳು. ಗೋಡೆಗೆ ಒರಗಿ ಕೂತಿದ್ದಳು. ಮೂಗು ಬಾಯಿಗೆ ಒದ್ದೆ ಟವೆಲ್ ಬಿಗಿದು ಕಟ್ಟಿಕೊಂಡಿದ್ದಳು. ತೊಟ್ಟಿಗೆ ಹೋಗಿ, ಒದ್ದೆ ಮಾಡಿಕೊಂಡು, ಅಷ್ಟು ಹೊಗೆಯಲ್ಲಿ ತಿರುಗಿ ಬಾಗಿಲವರೆಗೂ ಬಂದಿದ್ದಳು. ಹೆಂಗಸು ಬುದ್ಧಿ ಕಳೆದುಕೊಂಡಿರಲಿಲ್ಲ.

ಅವಳ ತಲೆಯ ಮೇಲೆ ಗೋಡೆಯಲ್ಲಿ ಒಳಗಿನ ಮಿಷಿನ್ ಇತ್ತು. ಅದರ ಗಾಜಿನ ಮೇಲೆ, ಸುತ್ತ ಗೋಡೆಯ ಮೇಲೆ, ಮಸಿಯಲ್ಲಿ ಮೂಡಿದ ಅಂಗೈ ಗುರುತುಗಳು. ಒಂದರ ಮೇಲೆ ಒಂದು... ಒಂದರ ಮೇಲೆ ಒಂದು. ಕಾರ್ಡ್ ಇಲ್ಲದ ಬರೀ ಕೈ ಒತ್ತಿದ್ದಳು.

ಮೈ ಇನ್ನೂ ಬೆಚ್ಚಗಿತ್ತು. ಅದು ಬೆಂಕಿಯ ಬಿಸಿಯೋ, ಈಗಷ್ಟೇ ಹೋದ ಜೀವದ ಬಿಸಿಯೋ, ಡಾಕ್ಟರು ಹೇಳಲಿಲ್ಲ. ಕೇಳೋ ಧೈರ್ಯ ನನಗೂ ಬರಲಿಲ್ಲ.

ಚಿಕ್ಕಗೌರಮ್ಮ ಅಳಲಿಲ್ಲ. ತಂಗಿಯ ಪಕ್ಕ ಕೂತು ಸೆರಗಿನಲ್ಲಿ ಅವಳ ಮುಖದ ಮಸಿ ಒರೆಸಿದಳು.

"ಏಳೇ... ಹೊತ್ತಾಯ್ತು. ಮನೀಗ್ ಓಗಾನ ಏಳೇ."

ಮಂಜಮ್ಮ ಹೊರಗೇ ನಿಂತಿದ್ದಳು. ಹೊಸ್ತಿಲು ದಾಟೋಕೆ ಅವಳ ಕೈಲಿ ಆಗಲಿಲ್ಲ.

ಆಮೇಲೆ ಏನಾಯ್ತು ಅಂತೀರಾ?

ಕೇಸಾಯ್ತು. ಮಂಜಮ್ಮನ ಮೇಲೆ! ಬೇರೆಯವರ ಕಾರ್ಡ್ ತೋರಿಸಿ ಸುಳ್ಳು ಹಾಜರಿ ಕೊಟ್ಟಳು, ಅದರಿಂದ ಸಾವಾಯ್ತು ಅಂತ. ಸಿಸ್ಟಮ್ ಸಾಕ್ಷಿ ಹೇಳಿತು. ಮಿಷಿನ್ ಸುಳ್ಳು ಹೇಳಲ್ಲ ನೋಡಿ. ಅವಳು ಜಾಮೀನಿನ ಮೇಲೆ ಹೊರಗಿದ್ದಾಳೆ. ಯಾವ ಫ್ಯಾಕ್ಟರಿಯವರೂ ಗೇಟ್ ಹತ್ತಿರ ಸೇರಿಸಲ್ಲ. ಮಾತು ಕಮ್ಮಿಯಾಗಿದೆ. ಯಾವುದಾದರೂ ಫೋನ್ ಟಿಣ್ ಅಂದರೆ ಕಿವಿ ಮುಚ್ಚಿಕೊಳ್ತಾಳೆ.

ಆದರೆ ಅದೇ ಸಿಸ್ಟಮ್ ಪ್ರಕಾರ ಹುಚ್ಚಕ್ಕ ಅಲ್ಲಿ ಕೆಲಸಕ್ಕಿದ್ದಳು ಅನ್ನೋದಕ್ಕೆ ಆಧಾರ ಇಲ್ಲವಂತೆ. ಅನುಮತಿ ಇಲ್ಲದೆ ಒಳಗೆ ನುಗ್ಗಿದ ಹೆಂಗಸು ಅಂತ ಬರೆದುಕೊಂಡರು. ಕಾರ್ಡ್ ಇದೆ ಅಂದೆ. ಚಾಲ್ತಿಯಲ್ಲಿಲ್ಲ ಅಂದರು. ಹೆಣ ಇದೆ ಅಂದೆ. ಅದು ಯಾವ ಹೊತ್ತಿಗೆ ಒಳಗೆ ಹೋಯ್ತು ಅನ್ನೋದು ಸಿಸ್ಟಮ್‌ನಲ್ಲಿ ಇದೆಯಾ ಅಂದರು.

ದಯಾನಂದ್? ಬೆಂಕಿ ಬಿದ್ದ ಮೇಲೆ ಒಳಗೆ ಹೋದವರು ಯಾರು ಅಂತ ನೋಡಿದರೆ ಸಿಸ್ಟಮ್‌ನಲ್ಲಿರೋದು ಒಂದೇ ಹೆಸರು. ಅವನದು! ಪೇಪರ್‌ನಲ್ಲಿ ಫೋಟೋ ಬಂತು. 'ಜೀವದ ಹಂಗು ತೊರೆದು ಹೊಗೆಯೊಳಗೆ ನುಗ್ಗಿದ ಉದ್ಯಮಿ.' ನಾನು ಎಳೆದಾಗ ರೇಷ್ಮೆ ಪಟ್ಟಿ ಕುಯ್ದು ಕತ್ತಿನಲ್ಲಿ ಆದ ಗಾಯಕ್ಕೆ ಬ್ಯಾಂಡೇಜ್ ಬೇರೆ ಹಾಕಿಕೊಂಡಿದ್ದ. ಹೊರದೇಶದ ಪಾರ್ಟಿ ಕೈ ಕುಲುಕಿ ಆರ್ಡರ್ ಕೊಟ್ಟು ಹೋದರು.

ಹಾಲ್‌ಗೆ ಸುಣ್ಣ ಬಳಿದು ಫ್ಯಾಕ್ಟರಿ ಶುರು ಮಾಡಿದರು. ಅದೇ ಹೆಂಗಸರು ವಾಪಸ್ ಹೋದರು. ಚಿಕ್ಕಗೌರಮ್ಮನೂ ಹೋಗ್ತಾಳೆ, ತಂಗಿ ಕೂತಿದ್ದ ಜಾಗದಲ್ಲಿ ಕಾಯಿ ಹೆರೀತಾಳೆ. ಯಾಕಮ್ಮ ಅಲ್ಲಿಗೇ ಹೋದೆ ಅಂತ ಕೇಳಿದೆ. "ಬ್ಯಾರೆ ಎಲ್ಲೈತೆ ಕಣವ್ವ?" ಅಂದಳು.

ಈಗ ನಿಮ್ಮ ವಿಷಯಕ್ಕೆ ಬರೋಣ. ಕೆಂಕೆರೆ ಹತ್ತಿರ ನಿಮ್ಮ ನಾರಿನ ಫ್ಯಾಕ್ಟರಿ. ಅದಕ್ಕೆ ರವೀಂದ್ರನ ಕೈಲೇ ಅದೇ ಸಿಸ್ಟಮ್ ಹಾಕಿಸ್ತೀರಿ, ಹೊಸ ವರ್ಷನ್ನು. ಹೆಂಗಸರು ಕಾರ್ಡ್ ಮುಟ್ಟಲ್ಲ ಅಂತ ಕೂತ್ಬಿಟ್ಟಿದ್ದಾರೆ. ನಾನು ಬಂದು ಒಪ್ಪಿಸಬೇಕು, ಅಲ್ವಾ?

ಒಪ್ಪಿಸ್ತೀನಿ. ನಾನಲ್ಲದಿದ್ರೆ ಇನ್ನೊಬ್ಬರು ಒಪ್ಪಿಸ್ತಾರೆ. ಅದು ನಿಲ್ಲೋದಲ್ಲ, ನನಗೂ ಗೊತ್ತು. ಒಂದೇ ಒಂದು ಕಂಡಿಷನ್. ಬಾಗಿಲಿಗೆ ಒಳಗಡೆಯಿಂದ ಒಂದು ಚಿಲಕ ಇರಬೇಕು. ಕೈಯಲ್ಲಿ ಎಳೆದರೆ ತೆಗೆಯೋ ಅಂಥ ಸಾದಾ ಚಿಲಕ.

ಏನು? ಚಿಲಕ ಇದ್ರೆ ಸರ್ಟಿಫಿಕೇಟ್ ಸಿಗಲ್ಲ ಅಂತಾನಾ ರವೀಂದ್ರ?

ಓ... ನೀವೂ ಹೂಂ ಅಂದ್ಬಿಟ್ರಾ?

ಸರಿ ಬಿಡಿ ಸಾರ್. ಹಾಗಾದ್ರೆ ಮೊದಲನೇ ಡ್ರಿಲ್‌ಗೆ ನೀವೇ ಒಳಗೆ ನಿಂತ್ಕೊಳ್ಳಿ... ನಿಮ್ಮ ಕಾರ್ಡ್ ನನ್ನ ಹತ್ರ ಇರಲಿ!